ಕರ್ಮವೀರ ಭಾವೂರಾವ್ ಪಾಟೀಲರು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳ್ಳಿಯ ಬಡ ರೈತನ ಮಗನಿಗೆ ಕಾಲೇಜು ಎಂಬುದು ದೂರದ ಮಾತಾಗಿತ್ತು. ಅವನಿಗೆ ಬುದ್ಧಿಯ ಕೊರತೆಯಿತ್ತೆಂದಲ್ಲ. ಊರಿನ ಶಾಲೆ ಕೆಲವೇ ತರಗತಿಗಳಿಗೆ ಮುಗಿಯುತ್ತಿತ್ತು, ಹೈಸ್ಕೂಲು ಪಟ್ಟಣದಲ್ಲಿತ್ತು. ಪಟ್ಟಣದಲ್ಲಿ ತಂಗಲು ನೆಲೆ ಬೇಕು, ಎರಡು ಹೊತ್ತಿನ ಅನ್ನ ಬೇಕು, ಶುಲ್ಕಕ್ಕೆ ಹಣ ಬೇಕು. ಇವು ಮೂರೂ ಇಲ್ಲದ ಹುಡುಗ ಪಾಟಿಯನ್ನು ಮೂಲೆಗಿಟ್ಟು ನೇಗಿಲು ಹಿಡಿಯುತ್ತಿದ್ದ. ಅಂಥ ಹುಡುಗರನ್ನು ಕಾಲೇಜಿನ ಬಾಗಿಲವರೆಗೆ ಕೈಹಿಡಿದು ನಡೆಸಿದವರು ಭಾವೂರಾವ್ ಪಾಟೀಲರು. ಅವರು ಸ್ವತಃ ಮೆಟ್ರಿಕ್ ಪರೀಕ್ಷೆಯಲ್ಲಿಯೂ ತೇರ್ಗಡೆಯಾದವರಲ್ಲ!

ಭಾವೂರಾವ್ ಅವರು 1887ರ ಸೆಪ್ಟೆಂಬರ್ 22ರಂದು ಕೊಲ್ಹಾಪುರ ಸೀಮೆಯ ಕುಂಭೋಜ ಗ್ರಾಮದಲ್ಲಿ ಜೈನ ಮನೆತನವೊಂದರಲ್ಲಿ ಜನಿಸಿದರು. ಅವರ ಪೂರ್ವಿಕರು ನಮ್ಮ ಮೂಡಬಿದಿರೆಯ ಕಡೆಯಿಂದ ಹೋದವರೆಂದು ಹೇಳುವುದುಂಟು. ತಂದೆ ಪಾಯಗೊಂಡ ಪಾಟೀಲರು ಸರಕಾರಿ ನೌಕರರು, ತಾಯಿ ಗಂಗಾಬಾಯಿ. ಹೈಸ್ಕೂಲು ವಿದ್ಯಾಭ್ಯಾಸಕ್ಕಾಗಿ ಭಾವೂರಾವ್ ಕೊಲ್ಹಾಪುರಕ್ಕೆ ಬಂದು ಅಲ್ಲಿನ ಜೈನ ವಸತಿಗೃಹದಲ್ಲಿ ಸೇರಿದರು. ಆ ದಿನಗಳಲ್ಲಿ ನಗರದಲ್ಲಿ ಅಸ್ಪೃಶ್ಯರೆನಿಸಿದ ಮಕ್ಕಳಿಗಾಗಿ ಒಂದು ವಸತಿಗೃಹ ತೆರೆಯಿತು. ಆ ಸಮಾರಂಭಕ್ಕೆ ಹೋಗಿ ಬಂದ ಹುಡುಗ, ಸ್ನಾನ ಮಾಡದೆ ಊಟಕ್ಕೆ ಕೂಡುವಂತಿಲ್ಲವೆಂದು ಹಿರಿಯರು ವಿಧಿಸಿದಾಗ, ಸ್ನಾನಕ್ಕೆ ಒಪ್ಪಲಿಲ್ಲ. ಮನುಷ್ಯರ ನಡುವೆ ಕುಳಿತು ಬಂದುದಕ್ಕೆ ಮೈ ತೊಳೆಯುವುದು ಏಕೆಂಬುದು ಅವನ ಹಟ. ಅದರ ಫಲವಾಗಿ ವಸತಿಗೃಹದಿಂದ ಹೊರಬೀಳಬೇಕಾಯಿತು. ಶಾಹು ಮಹಾರಾಜರು ಅವನಿಗೆ ಆಶ್ರಯವಿತ್ತರು. ತಲೆಯ ಮೇಲೊಂದು ಸೂರು ತಪ್ಪಿಹೋದರೆ ವಿದ್ಯಾರ್ಥಿಯ ಪಾಡೇನೆಂಬುದನ್ನು ಭಾವೂರಾವ್ ಅರಿತದ್ದು ಹೀಗೆ, ಪುಸ್ತಕದಿಂದಲ್ಲ.

ಓದು ಅರ್ಧಕ್ಕೆ ನಿಂತಿತು. ಸಾತಾರಾದಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟರು. ಮುಂದೆ ಕಾರ್ಖಾನೆಗಳ ವ್ಯವಹಾರದಲ್ಲಿ ದುಡಿದರು. ಆದರೆ ಮನಸ್ಸು ಸಂಪಾದನೆಯಲ್ಲಿ ನಿಲ್ಲಲಿಲ್ಲ. ಜೋತಿಬಾ ಫುಲೆಯವರು ಸ್ಥಾಪಿಸಿದ ಸತ್ಯಶೋಧಕ ಸಮಾಜದ ವಿಚಾರಗಳು ಅವರನ್ನು ಸೆಳೆದಿದ್ದವು. 1919ರ ಅಕ್ಟೋಬರ್ 4ರಂದು, ಕರಾಡದ ಬಳಿಯ ಕಾಲೆ ಎಂಬ ಹಳ್ಳಿಯಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದರು. ರಯತನೆಂದರೆ ನಮ್ಮ ರೈತನೇ. ಮರಾಠಿಯಲ್ಲಿ ಆ ಮಾತಿಗೆ ಪ್ರಜೆಯೆಂಬ ಅರ್ಥವೂ ಇದೆ.

1924ರಲ್ಲಿ ಸಂಸ್ಥೆ ಸಾತಾರಾಕ್ಕೆ ಬಂದಿತು. ಅಲ್ಲಿ ತೆರೆದ ವಸತಿಗೃಹಕ್ಕೆ 1927ರಲ್ಲಿ ಗಾಂಧೀಜಿಯವರು ಶಾಹು ಮಹಾರಾಜರ ಹೆಸರನ್ನಿಟ್ಟರು. ಮರಾಠ, ಜೈನ, ಮುಸಲ್ಮಾನ, ಮಹಾರ ಎಂಬ ಭೇದವಿಲ್ಲದೆ ಹುಡುಗರು ಅಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಅಡುಗೆ ಅವರದೇ, ನೀರು ಹೊರುವುದು ಅವರದೇ, ಹೊಲದ ಕೆಲಸವೂ ಅವರದೇ. ಹಳ್ಳಿಯಿಂದ ಬಂದ ಹುಡುಗನ ಬಳಿ ಕಾಸಿಲ್ಲದಿದ್ದರೂ ಎರಡು ಗಟ್ಟಿ ಕೈಗಳಿದ್ದವು. ದಾನದ ಅನ್ನ ಉಂಡು ತಲೆ ತಗ್ಗಿಸುವುದಕ್ಕಿಂತ ದುಡಿದ ಅನ್ನ ಉಂಡು ತಲೆಯೆತ್ತಿ ಓದುವುದು ಮೇಲೆಂದು ಭಾವೂರಾವ್ ನಂಬಿದ್ದರು.

ಆದರೆ ಹುಡುಗರ ದುಡಿಮೆಯೊಂದರಿಂದಲೇ ಅಷ್ಟು ಹೊಟ್ಟೆಗಳು ತುಂಬುತ್ತಿರಲಿಲ್ಲ. ಭಾವೂರಾವ್ ಹೆಗಲಿಗೆ ಕಂಬಳಿ ಹಾಕಿಕೊಂಡು ಧಾನ್ಯಕ್ಕಾಗಿ, ಹಣಕ್ಕಾಗಿ ಊರೂರು ಅಲೆಯುತ್ತಿದ್ದರು. ಅವರು ಊರಲ್ಲಿಲ್ಲದಾಗ ಮಕ್ಕಳ ಭಾರವೆಲ್ಲ ಪತ್ನಿ ಲಕ್ಷ್ಮೀಬಾಯಿಯವರ ಮೇಲೆ ಬೀಳುತ್ತಿತ್ತು. ಆಕೆ ಸ್ಥಿತಿವಂತರ ಮನೆಯ ಮಗಳು, ಮಡಿ ಆಚಾರಗಳಲ್ಲಿ ಬೆಳೆದವರು. ಅಂಥವರು ಎಲ್ಲ ಜಾತಿಯ ಮಕ್ಕಳಿಗೂ ತಾಯಿಯಾದುದು ಸುಲಭದ ಮಾತಲ್ಲ. ಕಣಜ ಬರಿದಾದಾಗಲೆಲ್ಲ ಆಕೆಯ ಮೈಮೇಲಿನ ಒಂದೊಂದೇ ಒಡವೆ ಕರಗಿತು. ಒಮ್ಮೆ ಉಳಿದದ್ದು ಕೊರಳ ಮಂಗಳಸೂತ್ರ ಮಾತ್ರ. ಅದನ್ನೂ ಕೊಟ್ಟು ಆಕೆ ಮಕ್ಕಳಿಗೆ ಅನ್ನವಿಕ್ಕಿದರು. 1930ರಲ್ಲಿ ಆಕೆ ತೀರಿಕೊಂಡರು. ಪಾಟೀಲರ ಕೀರ್ತಿಯನ್ನು ಹಾಡುವವರು ಈ ತಾಯಿಯನ್ನು ಒಂದೆರಡು ಸಾಲಿನಲ್ಲಿ ಮುಗಿಸುವುದುಂಟು. ಅದು ನ್ಯಾಯವಲ್ಲ. ಆ ವಸತಿಗೃಹದ ಬುನಾದಿಗೆ ಬಿದ್ದ ಬಂಗಾರವೆಲ್ಲ ಆಕೆಯದು.

ಹಳ್ಳಿಗಳಿಗೆ ಉಪಾಧ್ಯಾಯರು ಬೇಕೆಂದು 1935ರಲ್ಲಿ ಶಿಕ್ಷಕರ ತರಬೇತಿ ಕಾಲೇಜು ಆರಂಭವಾಯಿತು. 1940ರಲ್ಲಿ ಮಹಾರಾಜಾ ಸಯಾಜಿರಾವ್ ಹೈಸ್ಕೂಲು ತೆರೆಯಿತು. ಅಲ್ಲಿನ ಪದ್ಧತಿಗೆ ದುಡಿದು ಕಲಿ ಎಂಬ ಹೆಸರು ಬಂದಿತು: ವಿದ್ಯಾರ್ಥಿ ಪಾಠದ ಹೊತ್ತು ಕಳೆದ ಮೇಲೆ ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ದುಡಿಯಬೇಕು, ಆ ದುಡಿಮೆಯೇ ಅವನ ಊಟಕ್ಕೂ ಓದಿಗೂ ಆಧಾರ. ಹೈಸ್ಕೂಲು ಮುಗಿಸಿದ ಇದೇ ಹುಡುಗರು ಮುಂದೆಲ್ಲಿಗೆ ಹೋಗಬೇಕು? 1947ರಲ್ಲಿ ಸಾತಾರಾದಲ್ಲಿ ಸ್ಥಾಪನೆಯಾದ ಛತ್ರಪತಿ ಶಿವಾಜಿ ಕಾಲೇಜು ಈ ಪ್ರಶ್ನೆಗೆ ಉತ್ತರವಾಯಿತು. ಬೆಳಗ್ಗೆ ಗುದ್ದಲಿ ಹಿಡಿದು ಜಡ್ಡುಗಟ್ಟಿದ ಕೈಗಳೇ ಅಲ್ಲಿ ಇತಿಹಾಸದ, ವಿಜ್ಞಾನದ ಟಿಪ್ಪಣಿಗಳನ್ನು ಬರೆದುಕೊಂಡವು. ಕಾಲೇಜಿಗೆ ತನ್ನ ಹೆಸರಿಟ್ಟರೆ ದೊಡ್ಡ ಮೊತ್ತ ಕೊಡುವೆನೆಂದು ಬಂದ ಧನಿಕನೊಬ್ಬನನ್ನು ಭಾವೂರಾವ್ ಬರಿಗೈಯಲ್ಲಿ ಹಿಂದಿರುಗಿಸಿದರೆಂದು ಜನ ಹೇಳುತ್ತಾರೆ.

ಮರುವರ್ಷವೇ ಸಂಕಟ ಬಂದಿತು. ಅವರ ಭಾಷಣವೊಂದರಿಂದ ಅಸಮಾಧಾನಗೊಂಡ ಮುಂಬಯಿ ಸರಕಾರವು ಸಂಸ್ಥೆಯ ಅನುದಾನವನ್ನು ನಿಲ್ಲಿಸಿತು. ಭಾವೂರಾವ್ ಮಾತಿನಲ್ಲಿ ಒರಟರೇ. ನಯವಾಗಿ ನುಡಿದು ಕಾರ್ಯ ಸಾಧಿಸುವ ಕಲೆ ಅವರಿಗೆ ಒಲಿದಿರಲಿಲ್ಲ. ಆಗ ಹಳ್ಳಿಗರು ಸಂಸ್ಥೆಯ ನೆರವಿಗೆ ನಿಂತರು. ಪೊರಕೆ ಹಿಡಿದು ಊರು ಗುಡಿಸುತ್ತಿದ್ದ ಸಂತ ಗಾಡಗೆ ಮಹಾರಾಜರು ಸಂಸ್ಥೆಯ ಪರವಾಗಿ ಮುಖ್ಯಮಂತ್ರಿ ಬಾಳಾಸಾಹೇಬ ಖೇರರ ಬಳಿ ಬೇಡಿಕೊಂಡರು. ಕೊನೆಗೆ ಅನುದಾನ ಮರಳಿ ದೊರೆಯಿತು. 1954ರಲ್ಲಿ ಕರಾಡದಲ್ಲಿ ತೆರೆದ ಎರಡನೆಯ ಕಾಲೇಜಿಗೆ ಈ ಸಂತನ ಹೆಸರನ್ನೇ ಇಡಲಾಯಿತು.

ಶಾಹು ವಸತಿಗೃಹದಲ್ಲಿ ಬೆಳೆದ ಬಡ ಹುಡುಗರಲ್ಲಿ ಪಿ. ಜಿ. ಪಾಟೀಲರೂ ಒಬ್ಬರು. ಅವರು ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರರಾದರು. ವಕೀಲಿಯಿಂದ ಹಣ ಗಳಿಸಬಹುದಾಗಿದ್ದರೂ ಹಿಂದಿರುಗಿ ಬಂದು ಸಾತಾರಾದ ಶಿವಾಜಿ ಕಾಲೇಜಿನ ಪ್ರಾಂಶುಪಾಲರಾದರು. ಮುಂದೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳೂ ಆದರು.

ಭಾವೂರಾವ್ ಅವರ ಕೊನೆಗಾಲದ ಹೊತ್ತಿಗೆ ಸಂಸ್ಥೆಯ ಆಶ್ರಯದಲ್ಲಿ ನೂರಕ್ಕೂ ಹೆಚ್ಚು ಹೈಸ್ಕೂಲುಗಳೂ 3 ಕಾಲೇಜುಗಳೂ ನಡೆಯುತ್ತಿದ್ದವು. 1959ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷ ಪುಣೆ ವಿಶ್ವವಿದ್ಯಾಲಯವು, ಮೆಟ್ರಿಕ್ ಮುಗಿಸದ ಈ ಮುದುಕನಿಗೆ ಗೌರವ ಡಿ.ಲಿಟ್. ಪದವಿಯನ್ನು ನೀಡಿತು. ಆ ವೇಳೆಗೆ ಅವರ ದೇಹ ಬಹಳ ಬಳಲಿತ್ತು. 1959ರ ಮೇ 9ರಂದು ಅವರು ನಿಧನ ಹೊಂದಿದರು.