ಏಡಾ ಲವ್‌ಲೇಸ್ ದೊರೆಸಾನಿಯ ಚರಿತ್ರೆ

ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು ಬರಿಯ ಲೆಕ್ಕದ ಕೆಲಸವೆಂದೂ, ಅದರಲ್ಲಿ ಕಲ್ಪನೆಗೆ ಎಡೆಯಿಲ್ಲವೆಂದೂ ತಿಳಿಯುವವರು ಬಹಳ. ಈ ಕಾರ್ಯದಲ್ಲಿ ಮೊದಲಿಗಳೆಂದು ಹೆಸರಾದ ಸ್ತ್ರೀಯ ಜೀವಿತವನ್ನು ನೋಡಿದರೆ ಹಾಗೆ ತೋರುವುದಿಲ್ಲ.

ಆಂಗ್ಲ ಕವಿಯಾದ ಬೈರನ್ ಪ್ರಭುವಿನ ಮಗಳು ಏಡಾ 1815ನೆಯ ಇಸವಿ ದಶಂಬರ 10ನೆಯ ತಾರೀಖಿನಲ್ಲಿ ಲಂಡನ್ ಪಟ್ಟಣದಲ್ಲಿ ಜನಿಸಿದಳು. ಐದು ವಾರಗಳ ಕೂಸನ್ನೆತ್ತಿಕೊಂಡು ತಾಯಿಯು ಗಂಡನ ಮನೆಯನ್ನು ತೊರೆದಳು. ತಂದೆಯು ಆ ವರುಷವೇ ದೇಶವನ್ನು ಬಿಟ್ಟು, 1824ರಲ್ಲಿ ಗ್ರೀಸಿನಲ್ಲಿ ಮೃತನಾದನು. ಮಗಳನ್ನು ಪುನಃ ಕಾಣಲೇ ಇಲ್ಲ.

ಆ ಕವಿಯ ಚಂಚಲ ಸ್ವಭಾವವು ಮಗಳಲ್ಲಿಯೂ ತಲೆದೋರೀತೆಂದು ತಾಯಿಯು ಅಂಜಿ, ಅದಕ್ಕೆ ಮದ್ದೆಂಬಂತೆ ಬಾಲ್ಯದಿಂದಲೇ ಗಣಿತವನ್ನು ಕಲಿಸಿದಳು. ಭಯದಿಂದ ಹೆಣ್ಣುಮಕ್ಕಳಿಗೆ ವಿದ್ಯೆಯನ್ನು ತಪ್ಪಿಸಿದ ಹೆತ್ತವರು ಅನೇಕರು. ಭಯದಿಂದಲೇ ವಿದ್ಯೆ ಕೊಡಿಸಿದ ಈ ತಾಯಿ ಅಪರೂಪದವಳು. ಆದರೂ ಮದ್ದು ನಾಟಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಹುಡುಗಿಯು ಹಾರುವ ಹಂಬಲವುಳ್ಳವಳಾಗಿ, ಹಕ್ಕಿಗಳ ಅಂಗರಚನೆಯನ್ನು ಪರೀಕ್ಷಿಸುತ್ತಾ, ರೆಕ್ಕೆಗಳನ್ನು ಕಾಗದದಿಂದ ಮಾಡಲೋ ರೇಷ್ಮೆಯಿಂದಲೋ ಎಂದು ಆಲೋಚಿಸುತ್ತಿದ್ದಳು. ಬಳಿಕ ದಡಾರವು ತಗಲಿ ಕಾಲುಗಳು ಸೋತು, ಬಹುಕಾಲ ನಡೆಯಲಾರದೆ ಇದ್ದಳು.

1833ರಲ್ಲಿ, ಹದಿನೇಳು ವರುಷದ ಏಡಾ ಚಾರ್ಲ್ಸ್ ಬ್ಯಾಬೇಜನ ಮನೆಯಲ್ಲಿ ಅವನ ಲೆಕ್ಕದ ಯಂತ್ರದ ಒಂದು ಭಾಗವನ್ನು ಕಂಡಳು. ಇತರರು ಸೋಜಿಗದಿಂದ ನೋಡುತ್ತಿರಲಾಗಿ, ಈಕೆಯು ಅದರ ಕೆಲಸದ ರೀತಿಯನ್ನೇ ಗ್ರಹಿಸಿದಳೆಂದು ಬಲ್ಲವರು ಬರೆದಿದ್ದಾರೆ. 1835ರಲ್ಲಿ ವಿವಾಹವಾಗಿ, ಮೂವರು ಮಕ್ಕಳ ತಾಯಿಯಾದ ಮೇಲೆಯೂ ವ್ಯಾಸಂಗವನ್ನು ಬಿಡದೆ, ಡಿ ಮಾರ್ಗನ್ ಎಂಬ ಪಂಡಿತನಿಂದ ಉನ್ನತ ಗಣಿತವನ್ನು ಕಲಿತಳು.

ಅಷ್ಟರಲ್ಲಿ ಬ್ಯಾಬೇಜನು ಇನ್ನೂ ದೊಡ್ಡದೊಂದು ಯಂತ್ರವನ್ನು ಯೋಚಿಸಿದ್ದನು. ಸೀರೆಯ ಅಂಚಿಗೆ ಹೂಬಳ್ಳಿ ನೇಯುವ ನಮ್ಮ ನೇಕಾರರೂ ಬಲ್ಲ ಜಕಾರ್ಡ್ ಮಗ್ಗದಲ್ಲಿರುವಂತೆ, ತೂತುಗಳುಳ್ಳ ರಟ್ಟುಗಳೇ ಇದಕ್ಕೆ ಅಪ್ಪಣೆ ಕೊಡತಕ್ಕವು. ಇದರ ಕುರಿತು ಇಟಲಿಯ ಮೆನಾಬ್ರಿಯಾ ಎಂಬವನು ಫ್ರೆಂಚಿನಲ್ಲಿ ಬರೆದ ಲೇಖನವನ್ನು ಏಡಾ ಇಂಗ್ಲಿಷಿಗೆ ತಿರುಗಿಸಿ, ಮೂಲಕ್ಕಿಂತ ಸುಮಾರು ಮೂರರಷ್ಟು ಉದ್ದವಾದ ಟಿಪ್ಪಣಿಗಳನ್ನು ಸೇರಿಸಿ, 1843ರಲ್ಲಿ ಪ್ರಕಟಿಸಿದಳು. ಹೆಸರಿನ ಮೂರು ಮೊದಲಕ್ಷರಗಳ ಹೊರತು ಲೇಖಕಿಯ ಗುರುತು ಅದರಲ್ಲಿರಲಿಲ್ಲ.

ಕಡೆಯ ಟಿಪ್ಪಣಿಯಲ್ಲಿ, ಬರ್ನೂಲಿ ಸಂಖ್ಯೆಗಳೆಂಬವುಗಳನ್ನು ಯಂತ್ರವು ಗುಣಿಸಿ ತೆಗೆಯುವ ಕ್ರಮವು ಒಂದೊಂದೇ ಹೆಜ್ಜೆಯಾಗಿ, ಯಾವ ಹೆಜ್ಜೆಗಳನ್ನು ಮರಳಿ ನಡಿಸಬೇಕೆಂಬುದೂ ಸಹಿತವಾಗಿ, ಕೋಷ್ಟಕದಲ್ಲಿದೆ. ಅದರಲ್ಲಿ ಬ್ಯಾಬೇಜನ ಪಾಲೆಷ್ಟೆಂದು ವಿದ್ವಾಂಸರು ವಾದಿಸುತ್ತಾರೆ; ಬೀಜಗಣಿತದ ಭಾಗವನ್ನು ತಾನು ಒದಗಿಸಿದೆನೆಂದೂ, ಅದರಲ್ಲಿದ್ದ ದೊಡ್ಡ ತಪ್ಪೊಂದನ್ನು ಆಕೆ ಹಿಡಿದಳೆಂದೂ ಅವನೇ ತಿಳಿಸಿದ್ದಾನೆ. ಅಚ್ಚಾದ ಕೋಷ್ಟಕದಲ್ಲಿ ಒಂದು ಭಾಗಾಕಾರವು ತಲೆಕೆಳಗಾಗಿ ಉಳಿದುಹೋಯಿತು. ನಡಿಸಿ ನೋಡುವುದಕ್ಕೆ ಯಂತ್ರವೆಲ್ಲಿತ್ತು? ಅದು ನಕ್ಷೆಗಳಲ್ಲಿಯೇ ನಿಂತಿತು. ಇಲ್ಲದ ಯಂತ್ರವನ್ನು ಮನಸ್ಸಿನಲ್ಲಿ ನಿಲ್ಲಿಸಿ, ಅದರ ಚಕ್ರಗಳು ತಿರುಗುವುದನ್ನು ಒಳಗಣ್ಣಿನಿಂದ ಕಂಡು ಅಪ್ಪಣೆಗಳನ್ನು ಹೊಸೆಯುವುದು ಕವಿಯ ಮಗಳಿಗೆ ತಕ್ಕ ಕೆಲಸವೇ ಸರಿ.

ಬ್ಯಾಬೇಜನು ಅಂಕೆಗಳನ್ನೇ ನೋಡುತ್ತಿದ್ದಾಗ, ಏಡಾ ಅವುಗಳ ಆಚೆಗೂ ನೋಡಿದಳು. ಸ್ವರಗಳ ಪರಸ್ಪರ ಸಂಬಂಧವನ್ನು ನಿಯಮಗಳಾಗಿ ಬರೆಯಲು ಸಾಧ್ಯವಾದರೆ ಯಂತ್ರವು ಸಂಗೀತವನ್ನೂ ರಚಿಸಬಹುದೆಂದು ಆಕೆಯ ಊಹೆ. ಹೀಗಿದ್ದಾಗ್ಯೂ ಯಂತ್ರವು ತಾನಾಗಿ ಏನನ್ನೂ ಹುಟ್ಟಿಸಲಾರದು, ನಾವು ಅಪ್ಪಣೆ ಕೊಡಬಲ್ಲದ್ದನ್ನೇ ಮಾಡೀತು ಎಂದೂ ಎಚ್ಚರಿಸಿದಳು. ಹಾಗಾದರೆ ಹುಟ್ಟಿಸುವ ಹೊಣೆಯು ಅಪ್ಪಣೆಯನ್ನು ಬರೆಯುವವರ ಮೇಲೆಯೇ ಬಂತು. 1950ರಲ್ಲಿ ಟ್ಯೂರಿಂಗ್ ಎಂಬ ಗಣಿತಜ್ಞನು ಈ ಮಾತಿಗೆ ಆಕೆಯ ಹೆಸರೆತ್ತಿಯೇ ಉತ್ತರ ಕೊಡಬೇಕಾಯಿತು. ಆ ಚರ್ಚೆಯು ಇಂದಿಗೂ ಮುಗಿದಿಲ್ಲ.

ಆಕೆಯಲ್ಲಿ ದೋಷಗಳಿಲ್ಲವೆಂದು ಹೇಳುವಂತಿಲ್ಲ. ಕುದುರೆಯ ಜೂಜಿನಲ್ಲಿ ಬಹಳ ಹಣವನ್ನು ಕಳಕೊಂಡಳು. ಕಡೆಗೆ ಗರ್ಭಕೋಶದ ಅರ್ಬುದರೋಗದಿಂದ ಬಹುವಾಗಿ ನರಳಿ, 1852ನೆಯ ಇಸವಿ ನವಂಬರ 27ರಂದು, ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಇಚ್ಛೆಯ ಪ್ರಕಾರ ಹಕ್ನಲ್ ಎಂಬ ಊರಿನ ದೇವಾಲಯದಲ್ಲಿ, ನೆನಪಿಗೆ ನಿಲ್ಲುವಂತೆ ಎಂದೂ ಕಾಣದ ತಂದೆಯ ಪಕ್ಕದಲ್ಲಿಯೇ, ಹೂಣಿಟ್ಟರು.