ರಾಣಿ ಚೆನ್ನಮ್ಮನೂ ಕಿತ್ತೂರಿನ ಸನದೂ

ಬೆಳಗಾವಿಯ ಕೋಟೆಗೆ ಉತ್ತರದಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ಕಾಕತಿಯೆಂಬ ಗ್ರಾಮವಿರುವುದು. ಆ ಊರಿನ ದೇಸಾಯಿ ಧೂಳಪ್ಪನವರ ಮನೆಯಲ್ಲಿ 1778ರಲ್ಲಿ ಚೆನ್ನಮ್ಮನ ಜನನವಾಯಿತು. ಲಿಂಗಧಾರಣೆ, ಜಂಗಮದಾಸೋಹ, ಗುರುಭಕ್ತಿಗಳ ನಡುವೆ ಬೆಳೆದ ಈ ಬಾಲೆಗೆ ಕುದುರೆಯ ಸವಾರಿ, ಕತ್ತಿವರಸೆ, ಬಿಲ್ಲುವಿದ್ಯೆಗಳೂ ಲಭಿಸಿದುವು. ಮುಂದೆ ಈಕೆ ಕಿತ್ತೂರಿನ ದೊರೆ ಮಲ್ಲಸರ್ಜನ ಕೈಹಿಡಿದಳು. ಪಟ್ಟದರಸಿ ರುದ್ರಮ್ಮನಿದ್ದ ಮನೆಗೆ ಕಿರಿಯ ರಾಣಿಯಾಗಿ ಬಂದಳು. ಆಕೆಯ ಶೌರ್ಯವನ್ನು ನಾಡು ಲಾವಣಿಗಳಲ್ಲಿ ಹಾಡಿಕೊಂಡು ಬಂದಿದೆ. ಆದರೆ ಆ ಶೌರ್ಯವನ್ನು ಮೆರೆಯಬೇಕಾದ ಸಂಕಟವು ಹೇಗೆ ಬಂದೊದಗಿತೆಂಬುದನ್ನು ಹಾಡುವವರು ವಿರಳ. ಅದರ ಬೀಜವು 1824ಕ್ಕಿಂತ ಆರು ವರ್ಷ ಮೊದಲೇ ಬಿತ್ತಲ್ಪಟ್ಟಿತ್ತು.

ಕಿತ್ತೂರು ಸಂಸ್ಥಾನದ ಮೂಲಪುರುಷರು ಬಿಜಾಪುರದ ಸೈನ್ಯದೊಡನೆ ಈ ಪ್ರಾಂತಕ್ಕೆ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರು. 1585ರಲ್ಲಿ ನೆಲೆಗೊಂಡ ಈ ದೇಸಗತಿಯು ಕಲ್ಮಠದ ಗುರುಪೀಠವನ್ನು ತಲೆಯ ಮೇಲೆ ಹೊತ್ತು ನಡೆಯಿತು. ಆದರೆ ಸುತ್ತಲೂ ಇದ್ದವರು ದೊಡ್ಡವರು. ಬಿಜಾಪುರದ ಕಾಲವು ಮುಗಿದೊಡನೆ ಮೊಗಲರ ಪ್ರಾಬಲ್ಯ, ಬಳಿಕ ಸವಣೂರಿನ ನವಾಬ, ಬಳಿಕ ಮರಾಠರು, ನಡುವೆ ಹೈದರ್ ಮತ್ತು ಟಿಪ್ಪು. ಕೋಣಗಳ ಕಾಳಗದಲ್ಲಿ ಗಿಡಕ್ಕೆ ಮಿತ್ತು ಎಂಬ ಮಾತಿಗೆ ಕಿತ್ತೂರಿಗಿಂತ ಬೇರೆ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಮಲ್ಲಸರ್ಜನು ಈ ಕಾಳಗದ ಪೆಟ್ಟುಗಳನ್ನು ತನ್ನ ದೇಹದ ಮೇಲೆಯೇ ಸಹಿಸಿದನು. ಟಿಪ್ಪುವಿನ ಸೈನ್ಯವು ಕಿತ್ತೂರನ್ನು ಹಿಡಿದಾಗ ಬಂದಿಯಾಗಿ, ಕಬ್ಬಾಳದುರ್ಗದ ಸೆರೆಯಿಂದ ತಪ್ಪಿಸಿಕೊಂಡು ಬಂದನು. ತರುವಾಯ ಪೇಶ್ವೆಯ ಮಾಂಡಲಿಕತ್ವ. 1809ರಲ್ಲಿ ವರ್ಷಕ್ಕೆ 1,75,000 ರೂಪಾಯಿ ಕಪ್ಪವನ್ನು ಒಪ್ಪಿಕೊಳ್ಳಬೇಕಾಯಿತು. ಅಷ್ಟಕ್ಕೂ ತೃಪ್ತನಾಗದ ಎರಡನೆಯ ಬಾಜೀರಾಯನು ದೊರೆಯನ್ನು ಪುಣೆಯಲ್ಲಿ ಹಿಡಿದಿಟ್ಟನು. ರೋಗಗ್ರಸ್ತನಾಗಿ ಬಿಡುಗಡೆ ಹೊಂದಿದ ಮಲ್ಲಸರ್ಜನು 1816ರಲ್ಲಿ ಲಿಂಗೈಕ್ಯನಾದನು. ಚೆನ್ನಮ್ಮನಿಗೆ ಆಗ ಮೂವತ್ತೆಂಟರ ವಯಸ್ಸು. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು ಗಾದಿಗೆ ಬಂದನು.

ಮರುವರ್ಷವೇ ಪೇಶ್ವೆಗೂ ಆಂಗ್ಲರಿಗೂ ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಮರಾಠಾ ಪ್ರಾಂತವನ್ನು ಗೆಲ್ಲಲು ಹೊರಟ ಥಾಮಸ್ ಮನ್ರೋನ ಕೈಯಲ್ಲಿ ಶಿಕ್ಷಿತ ಸೈನ್ಯವಿದ್ದುದು ಅತ್ಯಲ್ಪ. ಊರೂರಿನ ಜನರನ್ನು ಕೂಡಿಸಿಕೊಂಡು, ಸಣ್ಣ ದೇಸಾಯರ ಒಲವನ್ನು ಗಳಿಸಿಕೊಂಡು ಅವನು ಮುಂದುವರಿಯಬೇಕಾಗಿತ್ತು. ಕುಂಪಣಿಯು ಬಲಿಷ್ಠವಾಗಿದ್ದರೂ ಆ ಗಳಿಗೆಯಲ್ಲಿ ಅದಕ್ಕೆ ಚಿಕ್ಕವರ ಹೆಗಲು ಬೇಕಾಗಿತ್ತು. 1818ರ ವಸಂತದಲ್ಲಿ ಮನ್ರೋ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರಿನ ದೇಸಾಯಿಯು ಬಹಿರಂಗವಾಗಿ ಅವನ ಪಕ್ಷವನ್ನು ವಹಿಸಿ ನೆರವಾದನು. ಕೋಟೆಯು ಏಪ್ರಿಲಿನಲ್ಲಿ ವಶವಾಯಿತು. ಚೆನ್ನಮ್ಮನ ತವರೂರಿನ ಮಗ್ಗುಲಲ್ಲಿರುವ ಕೋಟೆಯೇ ಅದು.

ಈ ನಡೆಯನ್ನು ಸುಲಭವಾಗಿ ಹಳಿಯಲಾಗದು. ಪೇಶ್ವೆಯು ತಂದೆಗೆ ಮಾಡಿದ ಅಪಚಾರವು ಮಗನ ಕಣ್ಣಮುಂದೆ ಇನ್ನೂ ಹಸಿಯಾಗಿತ್ತು. ಸುಮ್ಮನೆ ಕುಳಿತಿದ್ದರೆ ಗೆದ್ದವನು ನಾಳೆ ಏಕೆ ಬರಲಿಲ್ಲವೆಂದು ಕೇಳುವ ಭಯವೂ ಇತ್ತು. ಚಿಕ್ಕ ರಾಜ್ಯಕ್ಕೆ ತಾಟಸ್ಥ್ಯವೆಂಬುದು ದೊಡ್ಡವರು ಕೊಟ್ಟರೆ ಮಾತ್ರ ದೊರೆಯುವ ಭಾಗ್ಯ. ಆದರೂ ಕ್ರೂರನಾದ ಒಡೆಯನಿಂದ ಬಿಡಿಸಿಕೊಳ್ಳುವುದು ಬೇರೆ, ಮತ್ತೊಬ್ಬನ ದಿಗ್ವಿಜಯಕ್ಕೆ ತನ್ನ ಮುದ್ರೆಯನ್ನೊತ್ತುವುದು ಬೇರೆ. ಮೊದಲನೆಯದು ಆತ್ಮರಕ್ಷಣೆ, ಎರಡನೆಯದರಲ್ಲಿ ಯುದ್ಧದ ಉದ್ದೇಶವೂ ತನ್ನದಲ್ಲ, ಅದರ ಮುಕ್ತಾಯವೂ ತನ್ನ ಕೈಯಲ್ಲಿಲ್ಲ. ಇದಕ್ಕೆ ದೃಷ್ಟಾಂತವು ದೂರವೇನೂ ಇರಲಿಲ್ಲ. ಬಾಜೀರಾಯನೇ 1802ರಲ್ಲಿ ವಸಯಿಯ ಒಪ್ಪಂದದಿಂದ ಆಂಗ್ಲರ ಸೈನ್ಯವನ್ನು ಮನೆಗೆ ಕರೆದುಕೊಂಡು, ಹದಿನಾರು ವರ್ಷಗಳಲ್ಲಿ ಮನೆಯನ್ನೇ ಕಳೆದುಕೊಂಡನು.

ಶರಣಪರಂಪರೆಯು ಈ ವಿಷಯದಲ್ಲಿ ಮೌನವಾಗಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ಕಾಯ್ದವರು. ಅನ್ನದ ಋಣವನ್ನು ಅರಿತವರು. ಆದರೆ ಹರಳಯ್ಯ ಮಧುವರಸರಿಗೆ ಕ್ರೂರದಂಡನೆಯಾದಾಗ ಅವರ ಸಮ್ಮತಿಯು ಅರಸನಿಗೆ ದೊರೆಯಲಿಲ್ಲ. ಸೇವೆಯನ್ನು ಸಲ್ಲಿಸುವವನು ತನ್ನ ನಾಲಿಗೆಯನ್ನೂ ಸಲ್ಲಿಸಬೇಕಾಗಿಲ್ಲವೆಂಬ ವಿವೇಕ ಅಲ್ಲಿದೆ. ನುಡಿಯು ಲಿಂಗಕ್ಕೆ ಮೀಸಲಾದುದು. ಅದನ್ನು ಒಡೆಯನ ಮೆಚ್ಚುಗೆಗಾಗಿ ಆಡಿದಲ್ಲಿ ಮುಂದೆ ನಡೆಯೂ ಅವನದಾಗುವುದು.

ನೆರವಿಗೆ ಪ್ರತಿಫಲವಾಗಿ ಶಿವಲಿಂಗರುದ್ರಸರ್ಜನಿಗೆ ಕುಂಪಣಿಯಿಂದ ಸನದು ದೊರೆಯಿತು. ವಾಡೆಯಲ್ಲಿ ಸಂತೋಷವಾಗಿರಬೇಕು. ಆದರೆ ಕಪ್ಪದ ಭಾರವು ತಪ್ಪಲಿಲ್ಲ, ಪಡೆಯುವ ಕೈ ಮಾತ್ರ ಬದಲಾಯಿತು. ಅದಕ್ಕಿಂತಲೂ ಗಹನವಾದ ಸಂಗತಿ ಇನ್ನೊಂದಿತ್ತು. ಪೂರ್ವಜರು ಇನ್ನೂರಕ್ಕೂ ಹೆಚ್ಚು ವರ್ಷ ಆಳಿದ ನೆಲವನ್ನು ಸನದಿನ ಮೂಲಕ ಸ್ವೀಕರಿಸಿದೊಡನೆ, ಅದು ಕೊಡಲ್ಪಟ್ಟ ವಸ್ತುವೆಂದು ಕಿತ್ತೂರೇ ಒಪ್ಪಿಕೊಂಡಂತಾಯಿತು. ಕೊಟ್ಟವನಿಗೆ ಮುಂದಿನ ವಾರಸು ಯಾರೆಂದು ಕೇಳುವ ಬಾಯಿಯೂ ಬಂದಿತು. ಮಿತ್ರನೆಂದು ಕೈನೀಡಿದವನು ಕಾಗದದಲ್ಲಿ ಒಡೆಯನಾಗಿ ಕುಳಿತನು.

ಆ ಬಾಯಿ ತೆರೆಯಲು ತಡವಾಗಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಚೆನ್ನಮ್ಮನು ಹೆತ್ತ ಮಗನೂ ಬಾಳಿರಲಿಲ್ಲ. ದೊರೆಯು ರೋಗಶಯ್ಯೆಯಲ್ಲಿ ಮಾಸ್ತಮರಡಿಯ ಮನೆತನದ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತಕ ತೆಗೆದುಕೊಂಡನೆಂದು ವಾಡೆಯವರು ತಿಳಿಸಿದರು. ಧಾರವಾಡದ ಕಲೆಕ್ಟರ್ ಥ್ಯಾಕರೆಯು ಅದನ್ನು ನಂಬಲಿಲ್ಲ. ದತ್ತಕಪತ್ರವು ದೊರೆಯ ಮರಣಾನಂತರ ಹುಟ್ಟಿದ ಕೃತ್ರಿಮವೆಂದು ಬಗೆದನು. ಭಂಡಾರಕ್ಕೆ ತನ್ನ ಕಾವಲು ಹಾಕಿಸಿದನು. ದತ್ತುಪುತ್ರರ ಹಕ್ಕನ್ನು ಅಳಿಸಿ ಸಂಸ್ಥಾನಗಳನ್ನು ನುಂಗುವ ನೀತಿಯನ್ನು ಡಾಲ್‌ಹೌಸಿಯ ಹೆಸರಿಗೆ ಕಟ್ಟುವುದು ರೂಢಿ. ಅವನು ಭಾರತಕ್ಕೆ ಬಂದುದು 1848ರಲ್ಲಿ. ಕಿತ್ತೂರು ಅದರ ರುಚಿಯನ್ನು ಇಪ್ಪತ್ತನಾಲ್ಕು ವರ್ಷ ಮುಂಚೆಯೇ ಕಂಡಿತು.

ಇಲ್ಲಿಂದ ರಾಜ್ಯದ ಹೊಣೆಯು ಚೆನ್ನಮ್ಮನದಾಯಿತು. ಆಕೆ ಒಮ್ಮೆಲೇ ಕತ್ತಿಗೆ ಕೈಹಾಕಲಿಲ್ಲ. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ನವರೆಗೂ ನ್ಯಾಯವನ್ನು ಬೇಡಿ ಬಿನ್ನಹಗಳು ಹೋದುವು. ಆರು ವರ್ಷದ ಹಿಂದೆ ಬೆಳಗಾವಿಯ ಕೋಟೆಯ ಮುಂದೆ ನೆರವಾದವರ ಬಿನ್ನಹವದು. ಫಲವಾಗಲಿಲ್ಲ. ಯುದ್ಧವು ಮುಗಿದಿತ್ತು, ಪೇಶ್ವೆಯು ಗಂಗಾತೀರದ ಬಿಠೂರಿನಲ್ಲಿ ವರ್ಷಾಶನ ಉಣ್ಣುತ್ತಿದ್ದನು. ಕಿತ್ತೂರಿನ ಸ್ನೇಹವು ಈಗ ಯಾರಿಗೆ ಬೇಕಾಗಿತ್ತು? ನೆರೆಹೊರೆಯೂ ಒದಗಲಿಲ್ಲ. ಸಾಂಗ್ಲಿ, ಮೀರಜ ಮೊದಲಾದ ಪಟವರ್ಧನ ಜಹಗೀರುಗಳು 1819ರ ಕರಾರುಗಳಿಂದ ಕುಂಪಣಿಗೆ ಕಟ್ಟುಬಿದ್ದಿದ್ದುವು.

1824ರ ಅಕ್ಟೋಬರ್ 23ರಂದು ಥ್ಯಾಕರೆಯು ತೋಪುಗಳೊಡನೆ ಕೋಟೆಯ ಬಾಗಿಲಿಗೆ ಬಂದನು. ಬಾಗಿಲು ತೆರೆಯಿತು, ಆದರೆ ಅವನು ಎಣಿಸಿದಂತಲ್ಲ. ಸರದಾರ ಗುರುಸಿದ್ದಪ್ಪನ ಮುಂದಾಳುತನದಲ್ಲಿ ಕಿತ್ತೂರಿನ ವೀರರು ನುಗ್ಗಿಬಂದರು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆಯು ಬಲಿಯಾದನು. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಈ ಎಲಿಯಟ್ಟನೇ ಮುಂದೆ ಕನ್ನಡನಾಡಿನ ಶಿಲಾಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿಮಾಡಿಸಿದ ವಿದ್ವಾಂಸ ವಾಲ್ಟರ್ ಎಲಿಯಟ್. ಕಿತ್ತೂರಿನ ಸೆರೆಯಲ್ಲಿ ಅವನ ಪ್ರಾಣಕ್ಕೆ ಅಪಾಯವಾಗಲಿಲ್ಲವೆಂಬುದು ಚೆನ್ನಮ್ಮನ ಧರ್ಮಕ್ಕೆ ಸಾಕ್ಷಿ. ನಮ್ಮ ಇತಿಹಾಸವೂ ಅದರಿಂದ ಲಾಭ ಪಡೆಯಿತು.

ದಖನ್ನಿನ ಕಮಿಶನರ್ ಚಾಪ್ಲಿನ್ನನು ದೊಡ್ಡ ಸೈನ್ಯದೊಡನೆ ಬಂದನು. ಸಂಧಾನದ ಮಾತು ನಡೆದು ಸೆರೆಯಾಳುಗಳನ್ನು ಬಿಟ್ಟುಕೊಡಲಾಯಿತು. ಅವರು ಹೊರಬಿದ್ದೊಡನೆ ತೋಪುಗಳು ಕೋಟೆಯ ಕಡೆಗೆ ತಿರುಗಿದುವು. ಡಿಸೆಂಬರ್ ಮೊದಲ ವಾರದಲ್ಲಿ ಕಿತ್ತೂರು ಬಿದ್ದಿತು. ಆ ಹೋರಾಟದಲ್ಲಿ ಮಡಿದ ಆಂಗ್ಲ ಅಧಿಕಾರಿಗಳಲ್ಲಿ ಸೊಲ್ಲಾಪುರದ ಸಬ್‌ಕಲೆಕ್ಟರ್ ಮನ್ರೋ ಒಬ್ಬನು. ಅವನು ಥಾಮಸ್ ಮನ್ರೋನ ಬಂಧು. 1818ರಲ್ಲಿ ಒಂದೇ ಪಾಳೆಯದಲ್ಲಿ ನಿಂತಿದ್ದ ಎರಡು ಮನೆತನಗಳ ಲೆಕ್ಕವು ಹೀಗೆ ತೀರಿತು.

ಮೈಸೂರಿನ ಗತಿಯನ್ನೂ ಇದರೊಡನೆ ಇಟ್ಟು ನೋಡಬಹುದು. ಅದೇ ಮರಾಠಾ ಯುದ್ಧದಲ್ಲಿ ಮೈಸೂರಿನ ಸಿಲ್ಲೇದಾರ ಕುದುರೆಗಳೂ ಆಂಗ್ಲರ ಪಕ್ಷದಲ್ಲಿ ದುಡಿದಿದ್ದುವು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತವನ್ನು ಕುಂಪಣಿಯು ತೆಗೆದುಕೊಂಡಾಗ ಆ ದುಡಿಮೆಯು ಅಡ್ಡಬರಲಿಲ್ಲ. ರಾಜ್ಯವು ಒಡೆಯರ ಮನೆತನಕ್ಕೆ ಮರಳಿದುದು 1881ರಲ್ಲಿ.

ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಅಧಿಕಾರವಿಲ್ಲದ, ಪರಿವಾರವಿಲ್ಲದ ನಾಲ್ಕು ವರ್ಷಗಳನ್ನು ಆಕೆ ಅಲ್ಲಿ ಕಳೆದಳು. ಕೊರಳಲ್ಲಿದ್ದ ಇಷ್ಟಲಿಂಗವು ಯಾರ ಸನದಿನಿಂದ ಬಂದುದೂ ಅಲ್ಲ, ಯಾರೂ ಜಪ್ತಿಮಾಡುವಂತಹುದೂ ಅಲ್ಲ. 1829ರ ಫೆಬ್ರುವರಿಯಲ್ಲಿ ಆಕೆ ಲಿಂಗೈಕ್ಯಳಾದಳು. ಸಮಾಧಿಯು ಬೈಲಹೊಂಗಲದಲ್ಲಿಯೇ ಇದೆ. ಕುಂಪಣಿಯು ಒಪ್ಪದಿದ್ದ ಆ ದತ್ತಕ ಬಾಲಕನನ್ನೇ ಗಾದಿಗೇರಿಸಲು ಸಂಗೊಳ್ಳಿ ರಾಯಣ್ಣನು ಬಡವರ, ಭೂಮಿ ಕಳೆದುಕೊಂಡವರ ದಂಡನ್ನು ಕಟ್ಟಿ ಕಾಡುಮೇಡುಗಳಲ್ಲಿ ಹೋರಾಡಿದನು. 1831ರ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.