ಜ್ಞಾನಚಂದ್ರ ಘೋಷ್

ಸರ್ ಜ್ಞಾನಚಂದ್ರ ಘೋಷ್ (1894–1959) ಭಾರತದ ರಸಾಯನವಿಜ್ಞಾನಿ. ನೀರಿನಲ್ಲಿ ಕರಗಿದ ಲವಣಗಳ ಅಯಾನುಗಳ ಕುರಿತ ಸಿದ್ಧಾಂತಕ್ಕಾಗಿ ಪ್ರಸಿದ್ಧರಾದ ಅವರು 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಜೀವನ

ಘೋಷ್ ಅವರು ಪುರುಲಿಯಾದಲ್ಲಿ ಜನಿಸಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್ ಅವರ ಶಿಷ್ಯರಾಗಿದ್ದರು. ಮೇಘನಾದ ಸಹಾ ಮತ್ತು ಸತ್ಯೇಂದ್ರನಾಥ ಬೋಸ್ ಅವರ ಸಹಪಾಠಿಗಳು. 1921ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಸಂಶೋಧನೆ

ಲವಣಗಳು ನೀರಿನಲ್ಲಿ ವಿದ್ಯುದಾವೇಶವುಳ್ಳ ಅಯಾನುಗಳಾಗಿ ಒಡೆಯುತ್ತವೆ ಎಂದು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ತೋರಿಸಿದ್ದರು. ಆದರೆ ಲವಣದ ಒಂದು ಭಾಗ ಮಾತ್ರ ಹೀಗೆ ಒಡೆಯುತ್ತದೆ ಎಂಬುದು ಅವರ ಮತವಾಗಿತ್ತು. ಅಸಿಟಿಕ್ ಆಮ್ಲದಂತಹ ದುರ್ಬಲ ವಸ್ತುಗಳಿಗೆ ಇದು ಹೊಂದಿದರೂ ಅಡುಗೆ ಉಪ್ಪಿನಂತಹ ಪ್ರಬಲ ಲವಣಗಳ ಅಳತೆಗಳಿಗೆ ಹೊಂದಲಿಲ್ಲ. 1918ರಲ್ಲಿ ಘೋಷ್ ಅವರು ಇಂತಹ ಲವಣಗಳು ಪೂರ್ಣವಾಗಿಯೇ ಒಡೆಯುತ್ತವೆ, ಆದರೆ ಅಯಾನುಗಳ ಪರಸ್ಪರ ಆಕರ್ಷಣೆಯಿಂದಾಗಿ ಎಲ್ಲವೂ ಸ್ವತಂತ್ರವಾಗಿ ಚಲಿಸಲಾರವು ಎಂದು ಪ್ರತಿಪಾದಿಸಿದರು.

ಅಯಾನುಗಳು ದ್ರಾವಣದಲ್ಲಿಯೂ ಸ್ಫಟಿಕದಲ್ಲಿರುವಂತೆ ಕ್ರಮಬದ್ಧವಾಗಿ ಜೋಡಣೆಗೊಂಡಿರುತ್ತವೆ ಎಂಬ ಅವರ ಕಲ್ಪನೆ ಉಳಿಯಲಿಲ್ಲ. 1923ರಲ್ಲಿ ಡಿಬೈ ಮತ್ತು ಹ್ಯುಕೆಲ್ ಮಂಡಿಸಿದ ಸಿದ್ಧಾಂತ ಅದರ ಸ್ಥಾನವನ್ನು ಪಡೆಯಿತು. ಪ್ರಬಲ ಲವಣಗಳು ಪೂರ್ಣವಾಗಿ ಒಡೆಯುತ್ತವೆ ಎಂಬ ತತ್ತ್ವವನ್ನು ಆ ಸಿದ್ಧಾಂತವೂ ಆಧಾರವಾಗಿ ಇಟ್ಟುಕೊಂಡಿತು.

ಶಾಲಾ ಲೆಕ್ಕಗಳ ತಳಹದಿ ಈ ತತ್ತ್ವವೇ. ಒಂದು ಲೀಟರ್ ದ್ರಾವಣದಲ್ಲಿರುವ ಮೋಲ್‌ಗಳ ಸಂಖ್ಯೆಯನ್ನು ಮೋಲಾರ್ ಸಾರತೆ ಎನ್ನುತ್ತಾರೆ. ಕ್ಯಾಲ್ಸಿಯಂ ಕ್ಲೋರೈಡಿನ ಒಂದು ಮೋಲ್ ಸುಮಾರು 111 ಗ್ರಾಂ ತೂಗುತ್ತದೆ. ಅದರ 11.1 ಗ್ರಾಂ ಅನ್ನು ನೀರಿನಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ದ್ರಾವಣ ಮಾಡಿದರೆ ಲವಣದ ಸಾರತೆ 0.1 ಮೋಲಾರ್. ಪ್ರತಿ ಘಟಕವೂ ಒಂದು ಕ್ಯಾಲ್ಸಿಯಂ ಅಯಾನನ್ನೂ ಎರಡು ಕ್ಲೋರೈಡ್ ಅಯಾನುಗಳನ್ನೂ ಕೊಡುವುದರಿಂದ ಕ್ಯಾಲ್ಸಿಯಂ ಅಯಾನಿನ ಸಾರತೆ 0.1, ಕ್ಲೋರೈಡ್ ಅಯಾನಿನದು 0.2, ಒಟ್ಟು 0.3 ಮೋಲಾರ್ ಆಗುತ್ತದೆ. ಲವಣದ ಒಂದು ಭಾಗ ಮಾತ್ರ ಒಡೆಯುವುದಾದರೆ ಈ ಸರಳ ಗುಣಾಕಾರ ಸಲ್ಲದು. ದ್ರಾವಣ ಹೆಚ್ಚು ಸಾರವಾದಂತೆ ಅಯಾನುಗಳ ಸೆಳೆತ ಹೆಚ್ಚುವುದರಿಂದ ನಿಖರ ಅಳತೆಗಳಲ್ಲಿ ಈ ಸಂಖ್ಯೆಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಬೆಂಗಳೂರಿನಲ್ಲಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಂಸ್ಥೆಯನ್ನು ನಡೆಸಿದ ಘೋಷ್ ಅವರ ಅವಧಿಯಲ್ಲಿಯೇ, 1942ರಲ್ಲಿ, ಅಲ್ಲಿ ವಿಮಾನಯಾನ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಕೈಗಾರಿಕೆಗೆ ಉಪಯುಕ್ತವಾದ ವೇಗವರ್ಧಕಗಳ ಕುರಿತೂ ಅವರು ಅಲ್ಲಿ ಸಂಶೋಧನೆ ನಡೆಸಿದರು.

ನಂತರದ ಹುದ್ದೆಗಳು ಮತ್ತು ಗೌರವಗಳು

ಖರಗಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿಯೂ, ಕಲ್ಕತ್ತಾ ವಿಶ್ವವಿದ್ಯಾಲಯದ ಉಪಕುಲಪತಿಯಾಗಿಯೂ, ಯೋಜನಾ ಆಯೋಗದ ಸದಸ್ಯರಾಗಿಯೂ ಸೇವೆ ಸಲ್ಲಿಸಿದರು. 1943ರಲ್ಲಿ ಸರ್ ಪದವಿಯನ್ನೂ 1954ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನೂ ಪಡೆದರು. 1959ರ ಜನವರಿಯಲ್ಲಿ ನಿಧನರಾದರು.